ಜಾಹೀರಾತಿಗೆ ಕಡಿವಾಣ ಹಾಕಿದರೆ ಕೊಳ್ಳುಬಾಕತನ ತಗ್ಗೀತೆ?

ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಈಚೆಗೆ ಏರ್ಪಡಿಸಿದ್ದ ವಿಚಾರ ಸಂಕಿರಣದಲ್ಲಿ ಸ್ಥಳೀಯ ಕಾಲೇಜಿನ ಯುವ ಅಧ್ಯಾಪಕಿಯೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಜನರು ಅಗತ್ಯವಿಲ್ಲದ ವಸ್ತುಗಳನ್ನು ಕೊಳ್ಳಲು ಮೂಲ ಕಾರಣ ಜಾಹೀರಾತು. ಅದನ್ನು ಕಾನೂನಿನಿಂದ ನಿರ್ಬಂಧಿಸಿದರೆ ಕೊಳ್ಳುಬಾಕತನವೂ ತಗ್ಗುತ್ತದೆ, ಊರಾಚೆಯ ಕಸದ ಗುಡ್ಡವೂ ಕರಗುತ್ತದೆ ಎಂಬುದು ಅವರ ವಾದವಾಗಿತ್ತು. ಸಭೆಯಲ್ಲಿದ್ದ ವ್ಯಾಪಾರಿ ಬಂಧುಗಳು ನಕ್ಕರು. ಹಿರಿಯ ಸದಸ್ಯರೊಬ್ಬರು, "ಮೇಡಂ, ಜಾಹೀರಾತು ನಿಂತರೆ ನಮ್ಮ ಅಂಗಡಿಯ ಬಾಗಿಲೂ ಮುಚ್ಚುತ್ತದೆ" ಎಂದರು. ಅಷ್ಟರಲ್ಲಿ ಚಹಾ ಬಂದಿತು. ಚರ್ಚೆ ಅಲ್ಲಿಗೇ ನಿಂತಿತು.

ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಸಲಹೆ ಹೊಸದಲ್ಲ. ಜಾಹೀರಾತಿನ ವೆಚ್ಚಕ್ಕೆ ಕಡಿವಾಣ ಹಾಕುವ ಪ್ರಯತ್ನವನ್ನು ಭಾರತ ಸರ್ಕಾರವೇ ಎರಡು ಬಾರಿ ಮಾಡಿತ್ತು. ಅದೂ ಪರಿಸರ ಕಾನೂನಿನ ಮೂಲಕವಲ್ಲ, ನಮ್ಮ ವೃತ್ತಿಯ ಅಂಗಳವಾದ ಆದಾಯ ತೆರಿಗೆ ಕಾಯ್ದೆಯ ಮೂಲಕ. ಇಂದಿನ ಯುವ ಉದ್ಯಮಿಗಳಿಗೆ ಈ ಸಂಗತಿ ತಿಳಿದಿರಲಾರದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ಉಚಿತ.

ಸಂಪೂರ್ಣವಾಗಿ ವ್ಯಾಪಾರದ ಉದ್ದೇಶಕ್ಕಾಗಿಯೇ ಮಾಡಿದ ಖರ್ಚನ್ನು ಆದಾಯದಿಂದ ಕಳೆಯಬಹುದೆಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೆಯ ಪ್ರಕರಣದ ತತ್ವ. 2025ರ ಹೊಸ ಕಾಯ್ದೆಯಲ್ಲಿಯೂ ಅದು ಉಳಿದುಕೊಂಡಿದೆ. ಜಾಹೀರಾತಿನ ವೆಚ್ಚವೂ ಈ ತತ್ವದಡಿಯಲ್ಲೇ ಬರುತ್ತದೆ. 1978ರಲ್ಲಿ, ಹೆಚ್.ಎಂ. ಪಟೇಲರು ಹಣಕಾಸು ಸಚಿವರಾಗಿದ್ದಾಗ, ಇದಕ್ಕೆ ಅಪವಾದವಾಗಿ 37(3ಎ) ಎಂಬ ಉಪಪ್ರಕರಣ ಸೇರಿತು. ಜಾಹೀರಾತು, ಪ್ರಚಾರ ಮತ್ತು ಮಾರಾಟ ಪ್ರೋತ್ಸಾಹದ ಒಟ್ಟು ವೆಚ್ಚ 40,000 ರೂಪಾಯಿಗಳನ್ನು ಮೀರಿದರೆ, ವಹಿವಾಟಿಗೆ ಆ ವೆಚ್ಚದ ಪ್ರಮಾಣವೆಷ್ಟೆಂಬುದನ್ನು ನೋಡಿ ಶೇ. 10, ಶೇ. 12.5 ಅಥವಾ ಶೇ. 15ರಷ್ಟನ್ನು ಅಮಾನ್ಯಗೊಳಿಸಲಾಗುತ್ತಿತ್ತು. ಎರಡೇ ವರ್ಷಗಳಲ್ಲಿ ಇದನ್ನು ಹಿಂತೆಗೆದುಕೊಂಡರು. 1983ರಲ್ಲಿ ಪ್ರಣಬ್ ಮುಖರ್ಜಿಯವರ ಕಾಲದಲ್ಲಿ ಅದೇ ಸಂಖ್ಯೆಯ ಉಪಪ್ರಕರಣ ಹೊಸ ರೂಪದಲ್ಲಿ ಮರಳಿತು. ಈ ಬಾರಿ ಮೋಟಾರು ಕಾರುಗಳ ನಿರ್ವಹಣೆ ಮತ್ತು ಹೋಟೆಲುಗಳ ಪಾವತಿಯನ್ನೂ ಜಾಹೀರಾತಿನ ಜೊತೆಗೆ ಸೇರಿಸಿ, ಒಂದು ಲಕ್ಷ ರೂಪಾಯಿಗಳಿಗೆ ಮೀರಿದ ಮೊತ್ತದಲ್ಲಿ ಶೇ. 20ರಷ್ಟನ್ನು ಅಮಾನ್ಯಗೊಳಿಸಿದರು. ವಿ.ಪಿ. ಸಿಂಗ್ ಅವರ 1985ರ ಆಯವ್ಯಯದೊಡನೆ, 1986-87ರ ಕರನಿರ್ಧಾರ ವರ್ಷದಿಂದ ಅದೂ ಹೋಯಿತು.

1990ರ ದಶಕದ ಆರಂಭದಲ್ಲಿ ನಾನು ಆರ್ಟಿಕಲ್ಡ್ ಕ್ಲರ್ಕ್ ಆಗಿ ಸೇರಿದಾಗ ಈ ಉಪಪ್ರಕರಣ ಕಾಯ್ದೆಯಿಂದ ಮಾಯವಾಗಿ ವರ್ಷಗಳಾಗಿದ್ದವು. ಅದರ ವ್ಯಾಜ್ಯಗಳು ಮಾತ್ರ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಇನ್ನೂ ಜೀವಂತವಾಗಿದ್ದವು. ಏಜೆಂಟರಿಗೆ ಕೊಟ್ಟ ಕಮಿಷನ್ ಮಾರಾಟ ಪ್ರೋತ್ಸಾಹವೇ? ಕಾರಿನ ವಿಮೆ ಮತ್ತು ರಿಪೇರಿ ಅದರ ನಿರ್ವಹಣೆಯ ವೆಚ್ಚವೇ? ವರ್ಷಾರಂಭದಲ್ಲಿ ಹಂಚಿದ ಕ್ಯಾಲೆಂಡರು ಜಾಹೀರಾತೋ, ಸೌಜನ್ಯವೋ? ಇಂತಹ ಪ್ರಶ್ನೆಗಳ ಕಡತಗಳನ್ನು ಹೊತ್ತು ನಾನು ನನ್ನ ಹಿರಿಯರ ಹಿಂದೆ ಓಡಾಡಿದ್ದೇನೆ. ನಮ್ಮ ಕಕ್ಷಿದಾರರಾಗಿದ್ದ ಎಣ್ಣೆ ಗಿರಣಿಯ ಮಾಲೀಕರೊಬ್ಬರ ಮೂರು ವರ್ಷದ ಪುಸ್ತಕಗಳು ನನಗೆ ಇಂದಿಗೂ ನೆನಪಿವೆ. ಮೊದಲ ವರ್ಷ ಜಾಹೀರಾತಿನ ಖಾತೆ ಕೊಬ್ಬಿತ್ತು. ಮರುವರ್ಷ ಅದು ಸೊರಗಿತು. ಅದರ ಬದಲು ಸಗಟು ವ್ಯಾಪಾರಿಗಳಿಗೆ ಕೊಡುವ ರಿಯಾಯಿತಿ ಮತ್ತು ಕಮಿಷನ್ ಖಾತೆಗಳು ಊದಿಕೊಂಡವು. ಮೂರು ವರ್ಷಗಳಲ್ಲಿ ಒಂದು ವರ್ಷವೂ ಮಾರಾಟ ಇಳಿದಿರಲಿಲ್ಲ. ಗೋಡೆಬರಹಕ್ಕೆ ಹೋಗುತ್ತಿದ್ದ ಹಣ ಡಬ್ಬವೊಂದಕ್ಕೆ ಇಷ್ಟು ಎಂಬ ರಿಯಾಯಿತಿಯಾಗಿ ವ್ಯಾಪಾರಿಯ ಕೈಗೆ ಹೋಗತೊಡಗಿತ್ತು, ಅಷ್ಟೆ. ವ್ಯಾಪಾರಿಯೋ, ಆ ರಿಯಾಯಿತಿ ಪಡೆಯಲು ಹೆಚ್ಚು ದಾಸ್ತಾನು ಎತ್ತಿ, ಹೆಚ್ಚು ಮಾರಲೇಬೇಕಾದ ಒತ್ತಡಕ್ಕೆ ಸಿಲುಕುತ್ತಿದ್ದನು.

ಒಬ್ಬ ಕಕ್ಷಿದಾರನ ಪುಸ್ತಕದಿಂದ ದೇಶದ ಅರ್ಥಶಾಸ್ತ್ರವನ್ನು ಬರೆಯಲಾಗದು, ನಿಜ. ಅಲ್ಲದೆ ಅಂದಿನ ಸರ್ಕಾರದ ಗುರಿ ವ್ಯಾಪಾರದ ಅತಿವ್ಯಯವನ್ನು ತಡೆಯುವುದಾಗಿತ್ತೇ ಹೊರತು ಪರಿಸರ ರಕ್ಷಣೆಯಾಗಿರಲಿಲ್ಲ. ಆದರೂ ಮಾರುವ ಒತ್ತಡವನ್ನು ಹಾಗೆಯೇ ಬಿಟ್ಟು ಅದರ ಒಂದು ಬಾಯಿಯನ್ನು ಮಾತ್ರ ಮುಚ್ಚಿದರೆ ಅದು ಬೇರೊಂದು ಬಾಯಿಯಿಂದ ಹೊರಬರುತ್ತದೆ ಎಂಬುದನ್ನು ನಾನು ಆ ಕಡತಗಳಿಂದಲೇ ಕಲಿತೆನು.

ಇಷ್ಟು ಹೇಳಿದ ಮಾತ್ರಕ್ಕೆ ನಕ್ಕವರ ಪಕ್ಷವನ್ನು ನಾನು ವಹಿಸುತ್ತಿದ್ದೇನೆಂದು ವಾಚಕರು ಭಾವಿಸಬಾರದು. ನಮ್ಮವರಲ್ಲಿ ಒಂದು ಇಬ್ಬಗೆಯ ಮಾತಿದೆ. ತೆರಿಗೆ ಅಧಿಕಾರಿಯ ಮುಂದೆ ನಿಂತಾಗ, "ಸ್ವಾಮಿ, ಈ ಜಾಹೀರಾತಿನಿಂದಲೇ ನಮ್ಮ ಮಾರಾಟ ಇಷ್ಟು ಏರಿತು, ಆದ್ದರಿಂದ ಪೂರ್ಣ ವೆಚ್ಚವನ್ನು ಒಪ್ಪಿಕೊಳ್ಳಿ" ಎನ್ನುತ್ತೇವೆ. ಪರಿಸರವಾದಿಯ ಮುಂದೆ ನಿಂತಾಗ, "ಜಾಹೀರಾತು ಬೇಡಿಕೆಯನ್ನು ಸೃಷ್ಟಿಸುವುದಿಲ್ಲ, ಇರುವ ಬೇಡಿಕೆಯನ್ನು ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ತಿರುಗಿಸುತ್ತದೆ, ಅಷ್ಟೆ" ಎನ್ನುತ್ತೇವೆ. ಎರಡೂ ಮಾತು ಒಂದೇ ಬಾಯಿಂದ ಬರುವುದು ಲೆಕ್ಕಪರಿಶೋಧಕನಿಗೆ ಸರಿಕಾಣದು. ಉಪ್ಪು, ಗೋಧಿ ಹಿಟ್ಟಿನ ವಿಷಯದಲ್ಲಿ ಎರಡನೆಯ ಮಾತು ಬಹುಮಟ್ಟಿಗೆ ಸತ್ಯ. ಜಾಹೀರಾತು ನೋಡಿ ಯಾರೂ ಸಾರಿಗೆ ಎರಡು ಪಟ್ಟು ಉಪ್ಪು ಹಾಕುವುದಿಲ್ಲ. ಆದರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಮೊಬೈಲನ್ನು ಹಬ್ಬದ ವಿನಿಮಯ ಯೋಜನೆಯಲ್ಲಿ ಕೊಟ್ಟು ಹೊಸದನ್ನು ತರುವವರ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಮಕ್ಕಳ ತಿಂಡಿ ಮತ್ತು ಆಟಿಕೆಗಳ ವಿಷಯದಲ್ಲಂತೂ ಸರ್ವಥಾ ನಿಲ್ಲುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯವು 13 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ವಾಣಿಜ್ಯ ಜಾಹೀರಾತನ್ನು 1980ರಿಂದಲೇ ನಿಷೇಧಿಸಿದೆ. ಅಲ್ಲಿನ ವ್ಯಾಪಾರವೇನೂ ಮುಳುಗಿಲ್ಲ.

ಇನ್ನೊಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೆಯ ಪ್ರಕರಣದ ಪ್ರಕಾರ ಉಚಿತ ಮಾದರಿಯಾಗಿ ಹಂಚಿದ ಸರಕಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಆದರೆ "ಒಂದು ಕೊಂಡರೆ ಒಂದು ಉಚಿತ" ಎಂಬ ಯೋಜನೆಯಲ್ಲಿ ಆ ಎರಡನೆಯ ವಸ್ತು ಉಚಿತವಲ್ಲ, ಒಂದೇ ಬೆಲೆಗೆ ಎರಡನ್ನು ಮಾರಿದಂತೆ ಎಂದು 2019ರ ಮಾರ್ಚ್ ತಿಂಗಳ ಸುತ್ತೋಲೆ ಸ್ಪಷ್ಟಪಡಿಸಿದೆ. ಆದ್ದರಿಂದ ಜಮೆ ಉಂಟು. ತರ್ಕದ ದೃಷ್ಟಿಯಿಂದ ಸುತ್ತೋಲೆಯಲ್ಲಿ ತಪ್ಪಿಲ್ಲ. ಪರಿಣಾಮವನ್ನು ಮಾತ್ರ ನೋಡಿರಿ. ಉಪ್ಪಿನಕಾಯಿ ತಯಾರಿಸುವ ಸಣ್ಣ ಉದ್ಯಮಿಯೊಬ್ಬಳು "ರುಚಿ ನೋಡಿ, ಬೇಕಾದರೆ ಕೊಳ್ಳಿ" ಎಂದು ಚಿಕ್ಕ ಪೊಟ್ಟಣ ಹಂಚಿದರೆ ತೆರಿಗೆಯ ಹೊರೆಯನ್ನು ತಾನೇ ಹೊರಬೇಕು. ಒಂದು ಸಾಕಾಗಿದ್ದ ಗ್ರಾಹಕನಿಗೆ ಎರಡು ಬಾಟಲಿಯನ್ನು ಹೊರಿಸುವ ದೊಡ್ಡ ಕಂಪನಿಗೆ ಆ ಹೊರೆಯಿಲ್ಲ. ಕೊಳ್ಳುಬಾಕತನವನ್ನು ತಡೆಯಬೇಕೆನ್ನುವವರು ದೂರದರ್ಶನದ ಪರದೆಯನ್ನು ನೋಡುವ ಮೊದಲು ಇಂತಹ ಕಲಮುಗಳತ್ತ ಕಣ್ಣು ಹಾಯಿಸುವುದೊಳಿತು.

ಸಾರಾಸಗಟು ನಿರ್ಬಂಧ ಬಂದರೆ ಪೆಟ್ಟು ಬೀಳುವುದು ಯಾರಿಗೆ ಎಂಬುದು ನಮ್ಮ ಸದಸ್ಯರಿಗೆ ಸಂಬಂಧಿಸಿದ ಮುಖ್ಯ ಪ್ರಶ್ನೆ. ಎಲ್ಲರಿಗೂ ಹೆಸರು ಗೊತ್ತಿರುವ ಕಂಪನಿಗೆ ಜಾಹೀರಾತು ನಿಷೇಧವೆಂದರೆ ಖರ್ಚಿನಲ್ಲಿ ಉಳಿತಾಯ. ಹೆಸರಿಲ್ಲದವನಿಗೆ ಅದು ಮುಚ್ಚಿದ ಬಾಗಿಲು. ಗುಜರಾತಿನ ಸರ್ಕಾರಿ ಇಲಾಖೆಯೊಂದರಲ್ಲಿ ರಸಾಯನತಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಮನೆಯಲ್ಲೇ ಬಟ್ಟೆ ತೊಳೆಯುವ ಪುಡಿ ತಯಾರಿಸಿ ಸೈಕಲ್ ಮೇಲೆ ಮಾರತೊಡಗಿದರು. ಅಂದು ಮಾರುಕಟ್ಟೆಯನ್ನು ಆಳುತ್ತಿದ್ದ ಸರ್ಫ್ ಪುಡಿಯ ಬೆಲೆಗೆ ಹೋಲಿಸಿದರೆ ನಿರ್ಮಾದ ಬೆಲೆ ಬಹಳ ಕಡಿಮೆ. ಆದರೆ ಅಗ್ಗವೆಂಬುದು ಜನರಿಗೆ ತಿಳಿಯಬೇಕಲ್ಲ! ರೇಡಿಯೋ ಮತ್ತು ದೂರದರ್ಶನದ ಹಾಡಿನಿಂದ ಅದು ಮನೆಮನೆಗೆ ತಿಳಿಯಿತು. 1980ರ ದಶಕದಲ್ಲಿ ಸೈಕಲ್ಲಿನ ಪುಡಿ ಬಹುರಾಷ್ಟ್ರೀಯ ಕಂಪನಿಯ ಪುಡಿಯನ್ನು ಹಿಂದಿಕ್ಕಿತು. 1978ರಲ್ಲಿ ತೆರಿಗೆಯ ಬದಲು ನಿಷೇಧವೇ ಬಂದಿದ್ದರೆ ಇಂದು ನಮಗೆ ಆ ಹೆಸರೇ ತಿಳಿದಿರುತ್ತಿರಲಿಲ್ಲ.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಮುಂದುವರಿಸಬೇಕಾಗಿದೆ. ಅಗ್ಗದ ಪುಡಿ ಬಂದ ಮೇಲೆ ಅಂಟುವಾಳ, ಚೌಳು ಮಣ್ಣುಗಳನ್ನು ಬಿಟ್ಟು ನಾವೆಲ್ಲರೂ ಡಿಟರ್ಜೆಂಟಿಗೆ ಬದಲಾದೆವು. ಆ ನೊರೆನೀರು ಎಲ್ಲಿಗೆ ಹೋಯಿತು? 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಗಾಳಿಗೆ ಹಾರಿ ರಸ್ತೆಯ ಮೇಲೆ ಬೀಳುತ್ತಿದ್ದುದನ್ನು ಜಗತ್ತೇ ನೋಡಿತು. ಅದೇ ವರ್ಷ ಕೆರೆಗೆ ಬೆಂಕಿಯೂ ಹತ್ತಿತು, 2017ರಲ್ಲಿ ಮತ್ತು 2018ರಲ್ಲಿ ಮತ್ತೆ ಹತ್ತಿತು. ಸಂಸ್ಕರಿಸದ ಒಳಚರಂಡಿ ನೀರು, ಅದರಲ್ಲಿನ ಡಿಟರ್ಜೆಂಟಿನ ಅಂಶ, ಕೈಗಾರಿಕಾ ತ್ಯಾಜ್ಯ ಎಲ್ಲವೂ ಅಲ್ಲಿ ಸೇರಿದ್ದವು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ವಿಧಿಸಿತು. ಸೋಪಿನ ಪುಡಿಯ ಹಾಡನ್ನು ನಿಷೇಧಿಸಿದ್ದರೆ ಕೆರೆ ಉಳಿಯುತ್ತಿತ್ತೆ? ಇಲ್ಲ, ಬಟ್ಟೆ ತೊಳೆಯುವುದನ್ನು ಯಾರೂ ಬಿಡುತ್ತಿರಲಿಲ್ಲ. ಪುಡಿಯಲ್ಲಿ ಏನಿರಬೇಕೆಂಬ ನಿಯಮ ಮತ್ತು ಚರಂಡಿಯ ಕೊನೆಯಲ್ಲೊಂದು ಸಂಸ್ಕರಣಾ ಘಟಕ, ಇವೆರಡೇ ಕೆರೆಯನ್ನು ಉಳಿಸಬಹುದಾಗಿತ್ತು. ಇವೆರಡರ ವೆಚ್ಚವೂ ಪುಡಿಯ ಬೆಲೆಯಲ್ಲಿ ಸೇರಿರಲಿಲ್ಲ. ಪುಡಿ ಅಷ್ಟು ಅಗ್ಗವಾಗಿ ತೋರಿದ್ದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಜಾಹೀರಾತು ನಿಷೇಧ ಎಲ್ಲಿಯೂ ಫಲಿಸಿಲ್ಲವೇ ಎಂದು ಕೇಳಬಹುದು. ಫಲಿಸಿದೆ. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆಯು ಡಬ್ಬದ ಹಾಲಿನ ಜಾಹೀರಾತನ್ನು ನಿಷೇಧಿಸಿತು. ಅದನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. 2003ರ ಕಾಯ್ದೆಯಂತೆ ತಂಬಾಕಿನ ಜಾಹೀರಾತು 2004ರ ಮೇ 1ರಿಂದ ನಿಂತಿತು. ಒಂದೆರಡು ಮಾಧ್ಯಮಗಳಿಗೆ ಸೀಮಿತವಾದ ನಿಷೇಧದಿಂದ ಹಣ ಉಳಿದ ಮಾಧ್ಯಮಗಳಿಗೆ ಹರಿಯುವುದೇ ಹೊರತು ಸೇದುವುದು ತಗ್ಗುವುದಿಲ್ಲ, ಸಮಗ್ರ ನಿಷೇಧದಿಂದ ಮಾತ್ರ ತಗ್ಗುತ್ತದೆ ಎಂದು ವಿಶ್ವಬ್ಯಾಂಕಿನ 1999ರ ವರದಿ ಹೇಳಿತ್ತು. ಆದರೂ ಸಿಗರೇಟಿನಷ್ಟು ಜಾಹೀರಾತಿನ ಹಣವನ್ನು ಎಂದೂ ಕಾಣದ ಬೀಡಿಯನ್ನು ನೋಡಿರಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4 ಇದ್ದರೆ ಬೀಡಿ ಸೇದುವವರು ಶೇ. 7.7ರಷ್ಟಿದ್ದರು. ಬೀಡಿಯನ್ನು ಮಾರಿದ್ದು ಅದರ ಬೆಲೆ. ಇನ್ನು ಮದ್ಯದ ಹೆಸರಿನಲ್ಲಿ ಸೋಡಾ, ಗುಟ್ಕಾದ ಹೆಸರಿನಲ್ಲಿ ಏಲಕ್ಕಿ ತೆರೆಯ ಮೇಲೆ ಮೆರೆಯುವುದನ್ನು ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ. ತಂಬಾಕು ಸ್ವತಃ ಹಾನಿಕರ ವಸ್ತು. ಆದುದರಿಂದಲೇ ಜನರೂ ನ್ಯಾಯಾಲಯಗಳೂ ಅಲ್ಲಿ ನಿಷೇಧವನ್ನು ಒಪ್ಪಿದರು. ನೆದರ್ಲ್ಯಾಂಡ್ಸಿನ ಹೇಗ್ ನಗರವು 2025ರ ಜನವರಿ 1ರಿಂದ ಪೆಟ್ರೋಲು, ವಿಮಾನಯಾನ ಮುಂತಾದವುಗಳ ಬೀದಿ ಜಾಹೀರಾತನ್ನು ಇದೇ ಸಾಲಿಗೆ ಸೇರಿಸಿದೆ. ಅದರ ಫಲವನ್ನು ಅಳೆಯಲು ಇನ್ನೂ ಕಾಲ ಬೇಕು. ಸೀರೆ, ಪಾತ್ರೆ, ಕುರ್ಚಿಗಳನ್ನು ಈ ಸಾಲಿಗೆ ಸೇರಿಸಲಾಗದು. ವಾಣಿಜ್ಯ ಜಾಹೀರಾತೂ ಸಂವಿಧಾನದ 19(1)(ಎ) ವಿಧಿಯ ರಕ್ಷಣೆಗೆ ಒಳಪಟ್ಟ ಅಭಿವ್ಯಕ್ತಿಯೇ ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಸುಳ್ಳು ಜಾಹೀರಾತಿಗೆ ಮಾತ್ರ ಆ ರಕ್ಷಣೆಯಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆಯೂ ಇದೆ. 2016ರ ಮಾರ್ಚ್ ತಿಂಗಳ ಅಧಿಸೂಚನೆಯಿಂದ ಪ್ಲಾಸ್ಟಿಕ್ ಕೈಚೀಲಗಳೊಡನೆ ಫ್ಲೆಕ್ಸ್, ಬ್ಯಾನರುಗಳೂ ಕರ್ನಾಟಕದಲ್ಲಿ ನಿಷೇಧಕ್ಕೆ ಒಳಗಾದವು. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಅವುಗಳನ್ನು ಕಿತ್ತುಹಾಕಲಾಯಿತು. ಬ್ಯಾಂಕ್ ಸಾಲ ಮಾಡಿ ಮುದ್ರಣ ಯಂತ್ರ ತಂದಿದ್ದ ನಮ್ಮ ಕೆಲವು ಸದಸ್ಯರಿಗೆ ಅಂತಹ ಆದೇಶಗಳಿಂದ ಆದ ನಷ್ಟವನ್ನು ನಾನು ಅವರ ಬ್ಯಾಲೆನ್ಸ್ ಶೀಟಿನಲ್ಲಿಯೇ ಕಂಡಿದ್ದೇನೆ. ಅದನ್ನು ಲಘುವಾಗಿ ಕಾಣಲಾರೆ. ಆದರೂ ಹೇಳಬೇಕಾದುದನ್ನು ಹೇಳುತ್ತೇನೆ: ಆ ನಿಷೇಧ ಸರಿಯಾಗಿತ್ತು. ಅದು ಮಾತನ್ನು ನಿಷೇಧಿಸಲಿಲ್ಲ, ಮರುಬಳಕೆಯಾಗದ ಹಾಳೆಯನ್ನು ನಿಷೇಧಿಸಿತು. ಬಟ್ಟೆಯ ಬ್ಯಾನರಿಗೆ ಅಡ್ಡಿಯಿರಲಿಲ್ಲ. ಬ್ರೆಜಿಲಿನ ಸಾವೊ ಪಾಲೊ ನಗರವು 2007ರಲ್ಲಿ ಹೊರಾಂಗಣ ಫಲಕಗಳನ್ನೆಲ್ಲ ತೆಗೆಸಿದಾಗಲೂ ಅದರ ಗುರಿ ಕಣ್ಣಿಗೆ ರಾಚುವ ಮಾಲಿನ್ಯವಾಗಿತ್ತು, ಜನರ ಬಳಕೆಯಲ್ಲ. ಬೀದಿಯಲ್ಲಿ ಕಿತ್ತ ಫಲಕ ಈಗ ಅಂಗೈಯ ಮೊಬೈಲಿನಲ್ಲಿ ನೆಲೆಸಿದೆ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಹಣ ತೆತ್ತವನ ಸರಕು ಮೊದಲು ಕಾಣುತ್ತದೆ. ನಮ್ಮ ಸಣ್ಣ ತಯಾರಕರು ಅಲ್ಲಿಗೆ ಕಟ್ಟುತ್ತಿರುವ ಮೊತ್ತ ಹಿಂದಿನ ಫ್ಲೆಕ್ಸ್ ಖರ್ಚನ್ನು ಎಂದೋ ಮೀರಿದೆ. ನಗರಸಭೆಯ ಯಾವ ಉಪವಿಧಿಯೂ ಅದನ್ನು ಮುಟ್ಟಲಾರದು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಪರಿಸರದ ಲೆಕ್ಕವನ್ನು ಜಾಹೀರಾತಿನ ಖಾತೆಯಲ್ಲಿ ಹುಡುಕುವುದು ತಪ್ಪು. ಅದನ್ನು ಸರಕಿನ ತಯಾರಿಕಾ ವೆಚ್ಚದಲ್ಲಿಯೇ ಸೇರಿಸಬೇಕು. ಒಂದು ಶಾಂಪೂ ಸ್ಯಾಷೆಯನ್ನು ತೆಗೆದುಕೊಳ್ಳಿರಿ. ಹಳ್ಳಿಹಳ್ಳಿಗೆ ಶಾಂಪೂ ತಲುಪಿದ್ದು ಹಾಡಿಗಿಂತ ಹೆಚ್ಚಾಗಿ ಆ ಪುಟ್ಟ ಪೊಟ್ಟಣದಿಂದ. ಹಲವು ಪದರಗಳ ಆ ಪೊಟ್ಟಣವನ್ನು ಆಯುವವರಿಗೆ ಏನೂ ಗಿಟ್ಟದ ಕಾರಣ ಅದು ಚರಂಡಿಯಲ್ಲಿಯೇ ಉಳಿಯುತ್ತದೆ. ಅದನ್ನು ಮರಳಿ ಸಂಗ್ರಹಿಸುವ ವೆಚ್ಚ ಇಷ್ಟು ವರ್ಷ ಯಾರ ಪುಸ್ತಕದಲ್ಲಿಯೂ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಹೊರಬಿದ್ದ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿಯು ಅದನ್ನು ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಕಂಪನಿಯ ಪುಸ್ತಕಕ್ಕೆ ತಂದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳೂ ಇದೇ ಜಾಡಿನವು. ನೋಂದಣಿ, ಪ್ರಮಾಣಪತ್ರ, ಪೋರ್ಟಲ್ಲುಗಳ ಜಂಜಾಟದ ಬಗ್ಗೆ ಸದಸ್ಯರು ನನ್ನ ಕಚೇರಿಗೆ ಬಂದು ಗೊಣಗುತ್ತಾರೆ. ಕಾಗದಪತ್ರದ ಹೊರೆ ವಿಪರೀತವೆಂಬುದನ್ನು ನಾನೂ ಒಪ್ಪುತ್ತೇನೆ, ಸಂಸ್ಥೆಯು ಅದನ್ನು ತಗ್ಗಿಸಲು ಹೋರಾಡಲೇಬೇಕು. ಆದರೆ ಹೊಣೆಯ ತತ್ವವನ್ನೇ ವಿರೋಧಿಸಿದರೆ, "ಹಾಗಾದರೆ ಜಾಹೀರಾತನ್ನೇ ನಿಲ್ಲಿಸೋಣ" ಎನ್ನುವವರ ಕೈಯನ್ನು ನಾವೇ ಬಲಪಡಿಸಿದಂತಾಗುತ್ತದೆ.

ಲೇಬಲ್ಲುಗಳ ಬಗ್ಗೆ ಒಂದು ಎಚ್ಚರಿಕೆ. "ಪರಿಸರಸ್ನೇಹಿ", "ಶೇ. 100 ಹಸಿರು" ಎಂದೆಲ್ಲ ಮುದ್ರಿಸುವ ಚಟ ನಮ್ಮ ಸಣ್ಣ ತಯಾರಕರಲ್ಲಿಯೂ ಬೆಳೆದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಇಂತಹ ಮಾತಿಗೆ ಪುರಾವೆ ಇರಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಈ ನಿರ್ಬಂಧವನ್ನು ನಾವು ಸ್ವಾಗತಿಸಬೇಕು. ನಿಜವಾಗಿ ಖರ್ಚು ಮಾಡಿ ಒಳ್ಳೆಯ ಸರಕು ತಯಾರಿಸುವವನ ಮಾತಿಗೆ ಬೆಲೆ ಬರುವುದು ಸುಳ್ಳುಗಾರನ ಬಾಯಿ ಮುಚ್ಚಿದಾಗಲೇ.

ನನ್ನ ಕಕ್ಷಿದಾರರೊಬ್ಬರು ಮಿಕ್ಸರ್ ತಯಾರಿಸುತ್ತಾರೆ. ಚಿಕ್ಕ ಘಟಕ, ಇಪ್ಪತ್ತು ಮಂದಿ ಕೆಲಸಗಾರರು. ಎರಡು ವರ್ಷದ ಹಿಂದೆ ದೀಪಾವಳಿಯ ವಿನಿಮಯ ಯೋಜನೆ ಬೇಡವೆಂದರು. ಹಳೆಯ ಮಿಕ್ಸರಿನ ಜಾರು, ಕಪ್ಲರ್, ಕಾರ್ಬನ್ ಬ್ರಷ್ ಯಾವ ಊರಿನ ರಿಪೇರಿ ಅಂಗಡಿಗೆ ಬೇಕಾದರೂ ಕಳುಹಿಸುತ್ತೇವೆ ಎಂದು ಜಿಲ್ಲಾ ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟರು. "ಹೊಸ ಮಿಕ್ಸರ್ ಮಾರಾಟ ಬೀಳುತ್ತದಲ್ಲ ಸಾರ್?" ಎಂದು ಅವರ ಮಗನೇ ನನ್ನ ಬಳಿ ದೂರಿದ. ಮೊದಲ ವರ್ಷ ಬಿದ್ದದ್ದೂ ನಿಜ. ಬಿಡಿಭಾಗಗಳ ಮಾರಾಟದ ಲಾಭ ಆ ನಷ್ಟದ ಅರ್ಧವನ್ನಷ್ಟೇ ತುಂಬಿತು. ಎರಡನೆಯ ವರ್ಷ ರಿಪೇರಿ ಅಂಗಡಿಯವರೇ ಗ್ರಾಹಕರಿಗೆ ಇವರ ಮಿಕ್ಸರನ್ನು ಶಿಫಾರಸು ಮಾಡತೊಡಗಿದ್ದರಿಂದ ಸ್ವಲ್ಪ ಚೇತರಿಕೆ ಕಂಡಿದೆ. ಪೂರ್ತಿ ಲೆಕ್ಕ ಸರಿದೂಗಲು ಇನ್ನೂ ಒಂದು ವರ್ಷ ಬೇಕಾದೀತು. ಜಾಹೀರಾತು ನಿಷೇಧವಾದರೆ ಈ ಸಣ್ಣ ಪ್ರಕಟಣೆಯೂ ನಿಲ್ಲುತ್ತದೆ ಎಂಬುದನ್ನು ಆ ಅಧ್ಯಾಪಕಿಯವರಿಗೆ ತಿಳಿಸಬೇಕೆಂದಿದ್ದೆ. ಚಹಾದ ಗದ್ದಲದಲ್ಲಿ ಅವಕಾಶವಾಗಲಿಲ್ಲ.

ಸರ್ಕಾರಕ್ಕೆ ಸಲ್ಲಿಸುವ ಮನವಿ ಪತ್ರದಲ್ಲಿ ಜಾಹೀರಾತಿನ ವಿಷಯವನ್ನೂ ಸೇರಿಸಬೇಕೆಂದು ಕೆಲವರು ಸೂಚಿಸಿದ್ದಾರೆ. ಸೇರಿಸಲಿ. ಸಾರಾಸಗಟು ನಿರ್ಬಂಧ ಬೇಡವೆನ್ನುವ ಸಾಲಿನ ಕೆಳಗೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ನಿರ್ಬಂಧ ಬರಲಿ, ಉಚಿತ ಮಾದರಿಗೆ ತೆರಿಗೆ ಜಮೆ ದೊರೆಯಲಿ, ಪ್ಯಾಕಿಂಗಿನ ಹೊಣೆಯನ್ನು ನಾವು ಒಪ್ಪುತ್ತೇವೆ ಎಂಬ ಸಾಲುಗಳೂ ಇರಲಿ ಎಂಬುದು ನನ್ನ ಕೋರಿಕೆ. ಕರಡು ಸಿದ್ಧಪಡಿಸುವ ದಿನ ಆ ಅಧ್ಯಾಪಕಿಯವರನ್ನೂ ಕಾರ್ಯಕಾರಿ ಸಮಿತಿಯ ಸಭೆಗೆ ಆಹ್ವಾನಿಸಬೇಕು. ಚಹಾವನ್ನು ಚರ್ಚೆ ಮುಗಿದ ಮೇಲೆ ತರಿಸಬಹುದು.